ರಸಾಯನ ತಿಂದ ಬರಿಹೊಟ್ಟೆ

ಸರ್ವಮಂಗಳಾಳ ಪ್ರಯೋಗಶಾಲೆಯಲ್ಲಿ ಯಾರೂ ರಬ್ಬರು ಇಟ್ಟುಕೊಳ್ಳುವಂತಿರಲಿಲ್ಲ. ಬನಶಂಕರಿಯ ಒಂದು ಮಹಿಳಾ ಕಾಲೇಜಿನಲ್ಲಿ ಅವಳು ಆಹಾರ ವಿಜ್ಞಾನದ ಅಧ್ಯಾಪಕಿ. ಹೊಸ ತರಗತಿಗೆ ಮೊದಲ ದಿನ ಹೇಳುತ್ತಿದ್ದದ್ದು ಇದೊಂದೇ: ಅಳತೆ ತಪ್ಪಾಗಿ ಬರೆದರೆ ಅಳಿಸಬೇಡಿ, ಗೀಚಿ ಮುಚ್ಚಬೇಡಿ. ಓದಲು ಬರುವಂತೆ ಒಂದು ಗೆರೆ ಎಳೆಯಿರಿ, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಿ. ತಪ್ಪು ಕಾಣುತ್ತಿರಬೇಕು. ಹುಡುಗಿಯರು ಹಿಂದಿನಿಂದ ಅವಳನ್ನು ‘ಗೆರೆ ಮೇಡಂ’ ಎನ್ನುತ್ತಿದ್ದರು. ಅದು ಅವಳಿಗೆ ಗೊತ್ತಿತ್ತು, ಬೇಸರವಿರಲಿಲ್ಲ. ದಪ್ಪಗಿರುವುದಕ್ಕೋ ಕುಳ್ಳಗಿರುವುದಕ್ಕೋ ಅಡ್ಡಹೆಸರು ಬೀಳುವುದಕ್ಕಿಂತ ಮಾಡುವ ಕೆಲಸಕ್ಕೆ ಬೀಳುವುದು ಮೇಲು.

ಹುಟ್ಟಿ ಬೆಳೆದದ್ದು ಸಿದ್ದಾಪುರದಲ್ಲಿ. ತಂದೆ ಅಲ್ಲಿ ಹೂವಿನ ಬೀಜ, ಗೊಬ್ಬರ ಮಾರುತ್ತಿದ್ದರು. ಮದುವೆಯಾಗಿ ಇಟ್ಟಮಡುವಿಗೆ ಬಂದಳು. ಗಂಡನದು ಊರೂರು ತಿರುಗುವ ಔಷಧಿ ಮಾರಾಟದ ಕೆಲಸ. ಮಕ್ಕಳಿಬ್ಬರನ್ನು ಓದಿಸಿದ್ದು, ಅತ್ತೆಯ ಕೊನೆಗಾಲ ನೋಡಿಕೊಂಡದ್ದು, ಮಾವ ಸಿದ್ದಲಿಂಗಯ್ಯನವರ ಮಾತ್ರೆ, ಕನ್ನಡಕ, ಕೋಪ ಎಲ್ಲವನ್ನೂ ಸಂಭಾಳಿಸಿದ್ದು ಅವಳೇ. ಇವುಗಳ ನಡುವೆ ನಲವತ್ತು ದಾಟಿದ ಮೇಲೆ ಡಾಕ್ಟರೇಟ್ ಮಾಡಿದಳು. ಕಾಲೇಜಿನಲ್ಲಿ ಅವಳ ನಂತರ ಸೇರಿದವರು ಅವಳಿಗಿಂತ ಮೇಲಿನ ಕುರ್ಚಿಗೆ ಹೋಗಿದ್ದರು. ಅವರ ಹೆಸರಿನಲ್ಲಿ ಜರ್ನಲ್‌ಗಳಲ್ಲಿ ಲೇಖನಗಳಿದ್ದವು, ಇವಳ ಹೆಸರಿನಲ್ಲಿ ಇರಲಿಲ್ಲ.

ಕೊನೆಗೆ ಒಂದು ಬಂತು. ವಿದೇಶದ, ನಾಲ್ಕು ಜನ ತಿಳಿದವರು ಹೆಸರು ಕೇಳಿರುವ ಜರ್ನಲ್. ಲೇಖನದ ಪ್ರಶ್ನೆ ಸರಳವಾಗಿತ್ತು. ರಾತ್ರಿ ಅನ್ನ ಉಣ್ಣುವ ಹೆಂಗಸರಲ್ಲಿ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಸಕ್ಕರೆ ಹೆಚ್ಚೋ, ಜೋಳದ ರೊಟ್ಟಿ ಉಣ್ಣುವವರಲ್ಲಿ ಹೆಚ್ಚೋ? ಅನ್ನದವರು ಜಯನಗರದ ಅಕ್ಕನ ಬಳಗದ ಹೆಂಗಸರು. ಭಾನುವಾರ ಬೆಳಿಗ್ಗೆ ಸಭಾಂಗಣದಲ್ಲಿ ಸಾಮೂಹಿಕ ಇಷ್ಟಲಿಂಗ ಪೂಜೆಗೆ ಎಲ್ಲರೂ ಸೇರುತ್ತಿದ್ದರು. ಪೂಜೆ ಮುಗಿದ ಮೇಲೆ ಅಲ್ಲೇ ಜಗಲಿಯಲ್ಲಿ ಲ್ಯಾಬಿನವಳನ್ನು ಕೂರಿಸಿ ರಕ್ತ ತೆಗೆಸಿದ್ದಾಯಿತು. ರೊಟ್ಟಿಯವರು ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆಗಿರುವ ಬಾಗಲಕೋಟೆ, ವಿಜಯಪುರದ ಕಡೆಯ ಹೆಂಗಸರು. ಬೆಳಿಗ್ಗೆ ಎದ್ದು ಕೆಲಸಕ್ಕೆ ಓಡುವವರು. ಒಲೆ ಹಚ್ಚುವ ಮೊದಲೇ ಅವರವರ ಮನೆಗೆ ಹೋಗಿ ರಕ್ತ ತೆಗೆಯಬೇಕಾಯಿತು. ಅಂಕಿಗಳನ್ನು ಲೆಕ್ಕಹಾಕಿದವನು ಸಂಖ್ಯಾಶಾಸ್ತ್ರದ ಕೈಲಾಸ್, ಅವಳಿಗಿಂತ ಬಹಳ ಚಿಕ್ಕವನು, ಲೇಖನದ ಇನ್ನೊಬ್ಬ ಕರ್ತೃ. ರೊಟ್ಟಿಯವರ ಸಕ್ಕರೆ ಸ್ಪಷ್ಟವಾಗಿ ಕಡಿಮೆಯಿತ್ತು.

ಲೇಖನ ಪ್ರಕಟವಾಗುವ ಮೊದಲು ಜರ್ನಲ್‌ನ ಪರೀಕ್ಷಕರೊಬ್ಬರು ಕೇಳಿದ್ದರು: ಬರಿಹೊಟ್ಟೆಯಲ್ಲೇ ಇದ್ದರೆಂದು ಹೇಗೆ ಖಚಿತಪಡಿಸಿಕೊಂಡಿರಿ? ಪ್ರತಿಯೊಬ್ಬರನ್ನೂ ಕೇಳಿದ್ದೇವೆ ಎಂದು ಇವರು ಉತ್ತರ ಬರೆದರು. ಅದು ನಿಜವೇ.

ಪತ್ರಿಕೆಯೊಂದು ಚಿಕ್ಕ ಸುದ್ದಿ ಮಾಡಿತು. ಬಿ.ಟಿ.ಎಂ.ನಲ್ಲಿ ಖಾನಾವಳಿ ನಡೆಸುವ, ರೊಟ್ಟಿಯ ಹೆಂಗಸರನ್ನು ಒಟ್ಟುಮಾಡಿಕೊಟ್ಟಿದ್ದ ರೇಣವ್ವ ಅದನ್ನು ಕತ್ತರಿಸಿ ಕೈತೊಳೆಯುವ ಜಾಗದ ಮೇಲೆ, ಎಲ್ಲರ ಕಣ್ಣಿಗೂ ಬೀಳುವಂತೆ ಅಂಟಿಸಿದಳು. ಕಾಲೇಜಿನಲ್ಲಿ ಮೇಲಿನ ಹುದ್ದೆಗೆ ಅರ್ಜಿ ಕರೆದರು. ಈ ಸಲ ಸರ್ವಮಂಗಳಾಗೇ ಎಂದು ಅಟೆಂಡರ್ ಕೂಡ ಹೇಳಿದ.

ಆ ವಾರದಲ್ಲೇ ಅವಳು ಮಾವನನ್ನು ಲ್ಯಾಬಿಗೆ ಕರೆದುಕೊಂಡು ಹೋದಳು. ಸಿದ್ದಲಿಂಗಯ್ಯನವರ ಸಕ್ಕರೆ ಡಾಕ್ಟರಿಗೆ ಒಗಟಾಗಿತ್ತು. ಮೂರು ತಿಂಗಳ ಸರಾಸರಿ ನೋಡಿದರೆ ಹತೋಟಿಯಲ್ಲಿದೆ, ಬರಿಹೊಟ್ಟೆಯದು ನೋಡಿದರೆ ಏರಿರುತ್ತದೆ. ಇನ್ನೊಮ್ಮೆ ನೋಡೋಣ, ಆಮೇಲೆ ಮಾತ್ರೆ ಹೆಚ್ಚಿಸೋಣ ಎಂದಿದ್ದರು. ಲ್ಯಾಬಿನ ಹುಡುಗಿ ತೋಳಿಗೆ ಪಟ್ಟಿ ಬಿಗಿಯುತ್ತ, ಅಂಕಲ್, ಏನಾದ್ರೂ ತಿಂದಿದೀರಾ ಎಂದಳು.

“ಒಂದು ತೊಟ್ಟು ಕಾಫಿ ಕುಡಿದಿಲ್ಲಮ್ಮ,” ಎಂದರು ಮಾವ. “ಬೇಕಾದ್ರೆ ಸೊಸೇನ ಕೇಳು.”

ಸೊಸೆ ಬಾಯಿ ತೆರೆದಳು, ಹೌದು ಎನ್ನಲು. ಆಗ ಕಣ್ಣೆದುರಿಗೆ ಬಂದದ್ದು ಬೆಳಿಗ್ಗೆ ಪೂಜೆಯ ಕೋಣೆಯಲ್ಲಿ ಅವಳೇ ಇಟ್ಟಿದ್ದ ಬೆಳ್ಳಿಯ ಬಟ್ಟಲು. ಬಾಳೆಹಣ್ಣು, ಬೆಲ್ಲ, ಕಾಯಿತುರಿ, ಮೇಲೆ ಜೇನುತುಪ್ಪ.

“ಮಾವ, ರಸಾಯನ ತಿಂದ್ರಲ್ಲ.”

“ಅದು ಪ್ರಸಾದ.”

“ಪ್ರಸಾದನೇ. ಆದ್ರೂ ಹೊಟ್ಟೆಗೆ ಹೋಯ್ತಲ್ಲ?”

ಮುದುಕರ ಮುಖ ಕೆಂಪಾಯಿತು. ಅಂಚೆ ಇಲಾಖೆಯಲ್ಲಿ ದುಡಿದ, ಒಬ್ಬರ ಒಂದು ಕಾಗದವನ್ನೂ ಕಳೆಯದ ಮನುಷ್ಯ. “ಅಂದ್ರೆ ನಾನು ಈ ಮಗು ಹತ್ರ ಸುಳ್ಳು ಹೇಳಿದೆ ಅಂತೀಯಾ?”

ಸುಳ್ಳು ಹೇಳಿರಲಿಲ್ಲ. ಪೂಜೆಯಾದ ಮೇಲೆ ಕೈಗೆ ಬಂದದ್ದನ್ನು ಆ ಮನೆಯಲ್ಲಿ, ಅವಳ ತವರಿನಲ್ಲಿ, ಅವರಂಥ ಎಲ್ಲ ಮನೆಗಳಲ್ಲಿ ಯಾರೂ ತಿಂಡಿಯ ಲೆಕ್ಕಕ್ಕೆ ಸೇರಿಸುವುದಿಲ್ಲ. ನಾಳೆ ಬರುತ್ತೇವೆ ಎಂದು ಹುಡುಗಿಗೆ ಹೇಳಿ ಅವಳು ಮಾವನನ್ನು ಆಟೋ ಹತ್ತಿಸಿದಳು. ದಾರಿಯುದ್ದಕ್ಕೂ ಅವಳ ತಲೆಯಲ್ಲಿದ್ದದ್ದು ಮಾವನಲ್ಲ, ಜಯನಗರದ ಆ ಸಭಾಂಗಣದ ಜಗಲಿ. ಹೆಂಗಸರು ಒಬ್ಬೊಬ್ಬರಾಗಿ ಸೆರಗಿನಲ್ಲಿ ಬಾಯೊರೆಸಿಕೊಳ್ಳುತ್ತ ಹೊರಗೆ ಬಂದು ತೋಳು ಚಾಚಿದ್ದರು.

ಮುಂದಿನ ಭಾನುವಾರ ಅವಳು ಬಳಗಕ್ಕೆ ಹೋದಳು. ಪೂಜೆ ಮುಗಿದು ದೊನ್ನೆಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಬಳಗದ ಹಿರಿಯರಾದ ಶಿವನಂಜಮ್ಮನವರ ಪಕ್ಕದಲ್ಲಿ ಕೂತು, ರಕ್ತ ಕೊಟ್ಟ ದಿನಗಳಲ್ಲೂ ಮೊದಲು ಪ್ರಸಾದ ತೆಗೆದುಕೊಂಡಿದ್ದಿರಾ ಎಂದು ಕೇಳಿದಳು.

“ಪೂಜೆ ಆದ್ಮೇಲೆ ಪ್ರಸಾದ ತಗೊಳ್ದೆ ಯಾರಾದ್ರೂ ಎದ್ದು ಹೋಗ್ತಾರೇನೇ?” ಎಂದರು ಶಿವನಂಜಮ್ಮ. “ನೀನೂ ತಗೊಂಡೆಯಲ್ಲ, ಆ ಕಂಬದ ಹತ್ರ ನಿಂತ್ಕೊಂಡು.”

ತಗೊಂಡಿದ್ದಳು. ಅದೂ ನೆನಪಾಯಿತು. ರಕ್ತದ ಸೀಸೆಗಳಿಗೆ ಚೀಟಿ ಅಂಟಿಸುತ್ತಿದ್ದವಳ ಪಕ್ಕದಲ್ಲೇ ನಿಂತು ತಿಂದು, ದೊನ್ನೆ ಬಿಸಾಡಿ, ಕೈ ತೊಳೆದು ಬಂದು, ಮುಂದಿನ ಹೆಂಗಸನ್ನು ‘ಏನೂ ತಿಂದಿಲ್ಲ ತಾನೇ?’ ಎಂದು ತಾನೇ ಕೇಳಿದ್ದಳು.

ಅವಳು ಬಿಡಲಿಲ್ಲ. ಪ್ರಸಾದ ತಿನ್ನದವರನ್ನಷ್ಟೇ ಬೇರ್ಪಡಿಸಿದರೆ ಉಳಿದ ಅಂಕಿಗಳಾದರೂ ನಿಲ್ಲಬಹುದಿತ್ತು. ಒಬ್ಬೊಬ್ಬರನ್ನೂ ಕೇಳಿದಳು. ಒಬ್ಬಾಕೆ ತಾನು ಆ ದಿನ ತಡವಾಗಿ ಬಂದೆ, ತಿಂದಿರಲಿಲ್ಲ ಎಂದಳು. ಪಕ್ಕದವಳು, ನೀನು ಎರಡು ದೊನ್ನೆ ತಿಂದು ಮೊಮ್ಮಗನಿಗೆ ಇನ್ನೊಂದು ಕಟ್ಟಿಕೊಂಡೆ ಎಂದಳು. ಮೂರನೆಯವಳು ಅದು ಬೇರೆ ಭಾನುವಾರ ಎಂದಳು. ಎಷ್ಟು ತಿಂದಿರಬಹುದು ಎಂದು ಕೇಳಿದ್ದಕ್ಕೆ ಶಿವನಂಜಮ್ಮ ಸಹನೆ ಕಳೆದುಕೊಂಡರು. “ಪ್ರಸಾದನ ತಕ್ಕಡೀಲಿ ತೂಗಿ ತಿಂತಾರಾ? ಓದಿ ಓದಿ ಬುದ್ಧಿ ಕಡಿಮೆ ಆಯ್ತು ನಿಂಗೆ. ತಗೋ, ತಿನ್ನು.” ಅವಳ ಕೈಗೂ ಒಂದು ದೊನ್ನೆ ಬಂತು. ಬೇಡ ಎನ್ನುವ ಹಾಗಿರಲಿಲ್ಲ. ತಿಂದಳು.

ಅಲ್ಲಿಗೆ ವಿಷಯ ತೀರ್ಮಾನವಾದಂತೆಯೇ. ಅನ್ನದವರ ಸಕ್ಕರೆ ಏರಿದ್ದು ಹಿಂದಿನ ರಾತ್ರಿಯ ಅನ್ನದಿಂದಲೋ, ಅರ್ಧ ಗಂಟೆ ಹಿಂದಿನ ಬಾಳೆಹಣ್ಣು ಬೆಲ್ಲದಿಂದಲೋ, ಹೇಳುವ ದಾರಿ ಇನ್ನಿರಲಿಲ್ಲ.

ಕೈಲಾಸ್ ಮೊದಲು ನಕ್ಕ. ಆಮೇಲೆ ನಗು ನಿಲ್ಲಿಸಿದ. ಜರ್ನಲ್‌ಗೆ ಒಂದು ತಿದ್ದುಪಡಿ ಕಳಿಸಿದರೆ ಸಾಕು, ಕೆಲವರು ಅಲ್ಪ ಪ್ರಮಾಣದಲ್ಲಿ ಏನೋ ಸೇವಿಸಿರಬಹುದು ಎಂದು ಒಂದು ಸಾಲು ಸೇರಿಸೋಣ ಎಂದ. ಅವಳು ಒಪ್ಪಲಿಲ್ಲ. ಲೇಖನದ ತೀರ್ಮಾನ ನಿಲ್ಲುವುದಾದರೆ ತಿದ್ದುಪಡಿ. ಒಂದು ಕೋಷ್ಟಕ ತಪ್ಪಿದೆ, ಒಂದು ಹೆಸರು ಬಿಟ್ಟುಹೋಗಿದೆ, ಅಂಥದ್ದಕ್ಕೆ. ತೀರ್ಮಾನವೇ ಕುಸಿದರೆ ಲೇಖನವನ್ನು ಹಿಂಪಡೆಯಬೇಕು. ಜರ್ನಲ್‌ಗಳ ನಿಯಮ ಅಷ್ಟು ಸ್ಪಷ್ಟವಾಗಿದೆ.

“ತಿದ್ದಬೇಕಾದ್ರೆ ಸರಿಯಾದ ಸಂಖ್ಯೆ ಬೇಕಲ್ಲ ಕೈಲಾಸ್. ನಮ್ಮ ಹತ್ರ ಎಲ್ಲಿದೆ?”

“ಮೇಡಂ, ಹಿಂಪಡೆದ ಪೇಪರ್ ಅಂದ್ರೆ ಜನಕ್ಕೆ ಒಂದೇ ಅರ್ಥ. ಅಂಕಿ ಕದ್ದವ್ರು, ಫೋಟೋ ತಿರುಚಿದವ್ರು, ನಾವು, ಎಲ್ಲ ಒಂದೇ ಪಟ್ಟಿ.” ಅವನು ಬಾಗಿಲು ಮುಂದೆ ಮಾಡಿ ಬಂದು ದನಿ ತಗ್ಗಿಸಿದ. “ಇಂಟರ್‌ವ್ಯೂ ಒಂದು ಮುಗೀಲಿ. ಆಮೇಲೆ ಬರೀರಿ. ಅವ್ರು ಹೇಗೂ ತಿಂಗಳುಗಟ್ಟಲೆ ತಗೋತಾರೆ. ನೀವೇನೂ ಸುಳ್ಳು ಹೇಳಿದ ಹಾಗಾಗಲ್ಲ.”

ಸುಳ್ಳು ಹೇಳಿದ ಹಾಗಾಗಲ್ಲ ಎಂಬ ಮಾತು ಅವಳಿಗೆ ಹಿಡಿಸಿತು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಒಂದು ವಾರ ಅವಳು ಆ ಮಾತನ್ನು ಜೊತೆಯಲ್ಲೇ ಇಟ್ಟುಕೊಂಡು ತಿರುಗಿದಳು. ಆ ಕುರ್ಚಿಗಾಗಿ ಅವಳು ಕಾದದ್ದು ಕಡಿಮೆ ಕಾಲವಲ್ಲ. ಲೇಖನವನ್ನು ಬಿಟ್ಟರೆ ಅವಳ ಅರ್ಜಿಯಲ್ಲಿ ತೂಕದ್ದು ಬೇರೇನೂ ಇರಲಿಲ್ಲ. ಮೂವತ್ತು ವರ್ಷ ಪಾಠ ಮಾಡಿದ್ದಕ್ಕೆ ಅಂಕ ಕೊಡುವ ಪದ್ಧತಿ ಎಲ್ಲೂ ಇಲ್ಲ.

ಮನೆಯಲ್ಲಿ ಮಾವನ ರಕ್ತವನ್ನು ಪೂಜೆಗೆ ಮೊದಲು ತೆಗೆಸಿ ಆಗಿತ್ತು. ಸಕ್ಕರೆ ಹತೋಟಿಯಲ್ಲಿತ್ತು, ಮಾತ್ರೆ ಹೆಚ್ಚಿಸಲಿಲ್ಲ. ಆದರೂ ಅವರ ಸಿಟ್ಟು ಇಳಿದಿರಲಿಲ್ಲ. ತಟ್ಟೆಗೆ ಕೂತಾಗಲೆಲ್ಲ, ಇದನ್ನು ತಿಂದೆ ಅಂತ ಬರ್ಕೋಮ್ಮ, ಆಮೇಲೆ ಸುಳ್ಳ ಅನ್ಸಿಕೊಳ್ಳೋದು ಬೇಡ ಎಂದು ಚುಚ್ಚುತ್ತಿದ್ದರು. ಒಂದು ಸಂಜೆ ಅವಳು ನಡೆದದ್ದನ್ನೆಲ್ಲ ಅವರಿಗೆ ಹೇಳಿದಳು. ಅವರು ಪೂರ್ತಿ ಕೇಳಿ, “ಗೊತ್ತಿಲ್ದೆ ಹೇಳಿದ್ದು ಆಗ. ಈಗ ಗೊತ್ತಾಗಿದೆಯಲ್ಲ?” ಎಂದರು. ಅಷ್ಟು ಹೇಳಿ ಟಿ.ವಿ.ಯ ದನಿ ಏರಿಸಿದರು. ಚುಚ್ಚು ಮಾತು ಮಾತ್ರ ಆ ದಿನದಿಂದ ನಿಂತಿತು.

ಅರ್ಜಿ ಒಪ್ಪಿಸುವ ದಿನ ಅವಳು ಕಾಲೇಜಿನ ತನ್ನ ಮೇಜಿನಲ್ಲಿ ಕೂತು ಪ್ರಕಟಣೆಗಳ ಪುಟ ತೆಗೆದಳು. ಲೇಖನದ ಹೆಸರಿನ ಮೇಲೆ, ಓದಲು ಬರುವಂತೆ, ಒಂದು ಗೆರೆ ಎಳೆದಳು. ಪಕ್ಕದಲ್ಲಿ ‘ತಪ್ಪು ಕಂಡುಬಂದಿದೆ, ಹಿಂಪಡೆಯಲಾಗುತ್ತಿದೆ’ ಎಂದು ಬರೆದು ಸಹಿ ಹಾಕಿದಳು. ಅಂದೇ ಜರ್ನಲ್‌ನ ಸಂಪಾದಕರಿಗೂ ಮಿಂಚಂಚೆ ಹೋಯಿತು.

ಹಿಂಪಡೆಯುವುದು ಅಂಗಡಿಗೆ ಸೀರೆ ವಾಪಸು ಕೊಟ್ಟಂತಲ್ಲ. ಮೊದಲು ಯಂತ್ರದ ಉತ್ತರ ಬಂತು. ಆಮೇಲೆ ಸಂಪಾದಕರೂ ತಿದ್ದುಪಡಿ ಸಾಲದೇ ಎಂದು ಕೇಳಿದರು. ವಿವರ ಬರೆದಳು. ಪ್ರಸಾದ ಎಂದರೇನು, ಅದನ್ನು ತಿಂದವರು ತಿಂದಿಲ್ಲ ಎಂದು ಪ್ರಾಮಾಣಿಕವಾಗಿ ಏಕೆ ಹೇಳುತ್ತಾರೆ ಎಂಬುದನ್ನು ಆ ದೂರದ ಮನುಷ್ಯನಿಗೆ ತಿಳಿಸಲು ಅವಳಿಗೆ ಒಂದಿಡೀ ಭಾನುವಾರ ಹಿಡಿಯಿತು. ವಿಷಯ ಪ್ರಕಾಶಕರ ವಿಭಾಗವೊಂದಕ್ಕೆ ಹೋಯಿತು. ಕರ್ತೃಗಳೆಲ್ಲರ ಒಪ್ಪಿಗೆ ಬೇಕು, ಒಪ್ಪದವರಿದ್ದರೆ ಅದನ್ನೂ ಹಿಂಪಡೆಯುವ ಪ್ರಕಟಣೆಯಲ್ಲಿ ಹೆಸರು ಸಹಿತ ಹೇಳಲಾಗುವುದು ಎಂದು ಅಲ್ಲಿಂದ ಉತ್ತರ ಬಂತು.

ಕೈಲಾಸ್ ಅವಳೊಡನೆ ಮಾತು ಬಿಟ್ಟಿದ್ದ. ಸ್ಟಾಫ್ ರೂಮಿನಲ್ಲಿ ಎದುರಾದರೆ ಫೋನು ನೋಡುತ್ತಿದ್ದ. ಅವಳು ಒತ್ತಾಯಿಸಲಿಲ್ಲ. ಅವನಿಗೆ ಇನ್ನೂ ಅರ್ಧ ಆಯುಷ್ಯದ ನೌಕರಿ ಬಾಕಿಯಿತ್ತು, ಹೆದರಿಕೆ ಸಹಜವೇ. ಒಂದು ಬೆಳಿಗ್ಗೆ ತಾನಾಗಿ ಬಂದು ಅವಳ ಮೇಜಿಗೆ ಒರಗಿ ನಿಂತ.

“ಅಮ್ಮನ್ನ ನಿನ್ನೆ ಶುಗರ್ ಟೆಸ್ಟಿಗೆ ಕರ್ಕೊಂಡ್ ಹೋಗಿದ್ದೆ ಮೇಡಂ. ಏನೂ ತಿಂದಿಲ್ಲ ಅಂದ್ರು. ಪ್ರಸಾದ ಅಂತ ಕೇಳ್ದೆ.”

“ಏನಂದ್ರು?”

“ಕೊಬ್ಬರಿ ಸಕ್ಕರೆ. ಒಂದು ಹಿಡಿ.” ಅವನು ನಗದೆ ಹೇಳಿದ. “ಒಪ್ಪಿಗೆ ಕಳಿಸಿದೀನಿ. ನಿಮ್ಮ ಜೊತೆ ಹೆಸರು ಹಾಕಿದ್ದೇ ನನ್ನ ತಪ್ಪು.”

ಪ್ರಕಟಣೆಯ ಕರಡು ಬಂದಾಗ ಅವಳಿಗೆ ನಿಜವಾದ ಸಿಟ್ಟು ಬಂತು. ‘ದತ್ತಾಂಶದ ವಿಶ್ವಾಸಾರ್ಹತೆಯ ಬಗ್ಗೆ ಕಳವಳ ವ್ಯಕ್ತವಾದುದರಿಂದ’ ಲೇಖನವನ್ನು ಹಿಂಪಡೆಯಲಾಗಿದೆ ಎಂದಷ್ಟೇ ಇತ್ತು. ಯಾರು ವ್ಯಕ್ತಪಡಿಸಿದರು? ಯಾವ ದತ್ತಾಂಶ? ಏನು ಕಳವಳ? ಓದಿದವರು ಏನು ಬೇಕಾದರೂ ಊಹಿಸಿಕೊಳ್ಳಬಹುದಾದ ವಾಕ್ಯ. ಕೈಲಾಸ್ ಹೆದರಿದ್ದು ಇದಕ್ಕೇ. ತಪ್ಪನ್ನು ಒಪ್ಪಿಕೊಳ್ಳಲು ಅವಳು ಸಿದ್ಧಳಿದ್ದಳು, ಆದರೆ ಮಾಡಿದ ತಪ್ಪನ್ನೇ ಬರೆಯಬೇಕು, ಮಾಡದ್ದಕ್ಕೆ ಜಾಗ ಬಿಡಬಾರದು. ತಪ್ಪು ಏನು, ಅದನ್ನು ಕಂಡವರು ಯಾರು, ಇವೆರಡನ್ನೂ ಹೇಳಬೇಕೆಂಬುದು ನಿಮ್ಮವೇ ನಿಯಮ ಎಂದು ಖಾರವಾಗಿ ಬರೆದಳು. ಬಹಳ ದಿನ ಉತ್ತರವಿರಲಿಲ್ಲ.

ಅಷ್ಟರಲ್ಲಿ ಇಂಟರ್‌ವ್ಯೂ ಆಯಿತು. ಸಮಿತಿಯಲ್ಲಿದ್ದವರಲ್ಲಿ ಒಬ್ಬರು ಗೆರೆ ಎಳೆದ ಪುಟವನ್ನು ಎತ್ತಿ ಹಿಡಿದು, ಕಾಲೇಜಿನ ಹೆಸರು ಪತ್ರಿಕೆಯಲ್ಲಿ ಬಂದಿತ್ತು, ಯಾರೂ ಕೇಳಿರಲಿಲ್ಲ, ಇಷ್ಟು ಅವಸರವೇನಿತ್ತು ಎಂದರು. ಅವಸರವಿರಲಿಲ್ಲ, ಗೊತ್ತಾಗಿತ್ತು ಎಂದಳು. ಹೊರಗಿನಿಂದ ಬಂದಿದ್ದ ಇನ್ನೊಬ್ಬರು, ಅಧ್ಯಯನವನ್ನು ಮತ್ತೆ ಮಾಡುತ್ತೀರಾ ಎಂದು ಕೇಳಿದರು. ಮಾಡುತ್ತೇನೆ, ಎರಡೂ ಕಡೆಯವರ ರಕ್ತವನ್ನು ಅವರವರ ಮನೆಯಲ್ಲೇ, ಪೂಜೆಗೂ ಒಲೆಗೂ ಮೊದಲು ತೆಗೆಸುತ್ತೇನೆ ಎಂದಳು. ಅವರು ಏನೋ ಬರೆದುಕೊಂಡರು. ಹುದ್ದೆ ರಸಾಯನಶಾಸ್ತ್ರದವರಿಗೆ ಹೋಯಿತು. ಆಕೆ ಕೆಟ್ಟವಳೇನಲ್ಲ. ಸರ್ವಮಂಗಳಾ ಹೋಗಿ ಕೈಕುಲುಕಿ ಬಂದು, ತನ್ನ ಹಳೆಯ ಕುರ್ಚಿಯಲ್ಲಿ ಕೂತು ದಾಖಲೆ ಪುಸ್ತಕಗಳನ್ನು ತಿದ್ದಿದಳು. ಆ ಸಂಜೆ ಅಡುಗೆ ಮಾಡಲಿಲ್ಲ. ಮಾವ ಏನೂ ಕೇಳದೆ ಬ್ರೆಡ್ಡು ಹಾಲು ತಿಂದು ಮಲಗಿದರು.

ಮಳೆಗಾಲ ಕಳೆದ ಮೇಲೆ ಪ್ರಕಟಣೆ ಹೊರಬಂತು. ಭಾಗವಹಿಸಿದ ಒಂದು ಗುಂಪಿನವರು ರಕ್ತ ಕೊಡುವ ಮುನ್ನ ಪೂಜೆಯ ಸಿಹಿ ಪದಾರ್ಥ ಸೇವಿಸಿದ್ದರು, ಪರಿಣಾಮವಾಗಿ ತೀರ್ಮಾನಗಳಿಗೆ ಆಧಾರವಿಲ್ಲ, ಈ ದೋಷವನ್ನು ಕರ್ತೃಗಳೇ ಕಂಡು ಜರ್ನಲ್‌ಗೆ ತಿಳಿಸಿದರು ಎಂದಿತ್ತು. ಮೂಲ ಲೇಖನವನ್ನು ಅಲ್ಲಿಂದ ತೆಗೆದಿರಲಿಲ್ಲ, ತೆಗೆಯುವುದೂ ಇಲ್ಲ. ಪ್ರತಿ ಪುಟದ ಮೇಲೂ ‘ಹಿಂಪಡೆಯಲಾಗಿದೆ’ ಎಂಬರ್ಥದ ಇಂಗ್ಲಿಷ್ ಪದ ಓರೆಯಾಗಿ ಅಚ್ಚಾಗಿತ್ತು. ಅದರ ಕೆಳಗೆ ಅವಳ ವಾಕ್ಯಗಳನ್ನು ಈಗಲೂ ಓದಬಹುದಿತ್ತು. ಅವಳು ಒಮ್ಮೆ ಪೂರ್ತಿ ಓದಿದಳು. ಭಾಷೆ ಚೆನ್ನಾಗಿಯೇ ಇತ್ತು.

ಇನ್ನೊಂದು ಕಡೆ ತಿಳಿಸುವುದು ಉಳಿದಿತ್ತು. ಜರ್ನಲ್ ಓದುವವರು ಪ್ರಕಟಣೆ ನೋಡುತ್ತಾರೆ, ಬಿ.ಟಿ.ಎಂ.ನ ಖಾನಾವಳಿಯ ಗೋಡೆಗೆ ಪ್ರಕಟಣೆ ತಾನಾಗಿ ಹೋಗುವುದಿಲ್ಲ. ಊಟದ ಹೊತ್ತು ಇಳಿದ ಮೇಲೆ ಹೋದಳು. ರೇಣವ್ವ ರೊಟ್ಟಿಯ ಬುಟ್ಟಿಗೆ ಬಟ್ಟೆ ಮುಚ್ಚುತ್ತಿದ್ದಳು. ಕುಂದರ್ರಿ ಅಕ್ಕಾರ ಎಂದು ಕೈತೊಳೆದು ಬಂದು ಎದುರು ಕೂತಳು. ಸರ್ವಮಂಗಳಾ ಎಲ್ಲವನ್ನೂ ಹೇಳಿದಳು. ಕುರ್ಚಿ ಕೈತಪ್ಪಿದ್ದನ್ನು ಹೇಳಲಿಲ್ಲ.

“ಅಂದ್ರ ನಮ್ಮ ರೊಟ್ಟಿ ಸುಳ್ಳಾತೇನ್ರಿ?”

“ರೊಟ್ಟಿ ಸುಳ್ಳಲ್ಲ ರೇಣವ್ವ. ರೊಟ್ಟಿ ಬಗ್ಗೆ ನಾನು ಹೇಳಿದ ಮಾತಿಗೆ ಆಧಾರ ಇಲ್ಲ. ಮತ್ತೆ ನೋಡ್ಬೇಕು.”

“ಆಧಾರಿಲ್ಲದ ಮಾತು ನಾವು ದಿನಾ ಆಡತೀವಿ. ಯಾರೂ ಹಿಂಗ ಮನೀತನಕ ಬಂದು ವಾಪಸ್ ತಗೊಳ್ಳಂಗಿಲ್ಲ.” ರೇಣವ್ವ ಎದ್ದಳು, ಗೋಡೆಯ ಹತ್ತಿರ ಹೋಗಿ ಸುದ್ದಿಯ ತುಂಡಿನ ಮೂಲೆಗೆ ಉಗುರು ಹಾಕಿದಳು.

“ಹರೀಬೇಡಿ,” ಎಂದಳು ಸರ್ವಮಂಗಳಾ. “ಇಷ್ಟು ದಿನ ಓದಿದವರಿಗೆ ಅದು ಎಲ್ಲಿ ಹೋಯ್ತು ಅಂತ ಗೊತ್ತಾಗಲ್ಲ. ಅಲ್ಲೇ ಇರಲಿ.” ಚೀಲದಿಂದ ಕೆಂಪು ಪೆನ್ನು ತೆಗೆದು, ಕೈತೊಳೆಯುವ ಮೋರಿಯ ಮೇಲೆ ಬಗ್ಗಿ, ಎಣ್ಣೆಯ ಪಸೆ ಹಿಡಿದ ಕಾಗದದ ಮೇಲೆ ಓರೆಯಾಗಿ ಒಂದು ಗೆರೆ ಎಳೆದಳು. ಪಕ್ಕದಲ್ಲಿ ‘ಇದು ಸಾಬೀತಾಗಿಲ್ಲ’ ಎಂದು ಬರೆದಳು.

ರೇಣವ್ವ ಸೊಂಟದ ಮೇಲೆ ಕೈಯಿಟ್ಟು ಅದನ್ನು ಓದಿದಳು. ಅವಳಿಗೆ ಸಮಾಧಾನವಾಗಲಿಲ್ಲ.

“ಬರೇ ಇಷ್ಟು ಬರದ್ರ ಮಂದಿ ರೊಟ್ಟೀದ ತಪ್ಪು ಅಂತಾರ್ರಿ. ಯಾಕ ಅಂತ ಬರೀರಿ. ಬಾಳೆಹಣ್ಣು ತಿಂದವರು ಅವರು, ನಾವಲ್ಲ.”

ಸರ್ವಮಂಗಳಾ ಅವಳ ಮುಖ ನೋಡಿದಳು. ಇದೇ ವಾದವನ್ನು ತಾನು ಸಮುದ್ರದಾಚೆಯವರೊಡನೆ ಒಂದು ಮಳೆಗಾಲ ಪೂರ್ತಿ ಮಾಡಿದ್ದಳು. ಜಾಗ ಕಡಿಮೆಯಿತ್ತು. ಅಕ್ಷರ ಚಿಕ್ಕದು ಮಾಡಿ, ಅನ್ನ ಉಣ್ಣುವವರು ರಕ್ತ ಕೊಡುವ ಮೊದಲು ಬಾಳೆಹಣ್ಣಿನ ರಸಾಯನ ತಿಂದಿದ್ದರು, ಅದನ್ನು ಗಮನಿಸದೆ ಇದ್ದದ್ದು ಪರೀಕ್ಷೆ ಮಾಡಿದವರ ತಪ್ಪು ಎಂದು ಗೋಡೆಯ ಸುಣ್ಣದ ಮೇಲಕ್ಕೂ ಹರಿಯುವ ಹಾಗೆ ಬರೆದಳು.

“ಹೆಸರು?” ಎಂದಳು ರೇಣವ್ವ.

ಸರ್ವಮಂಗಳಾ ಕೆಳಗೆ ಸಹಿ ಹಾಕಿದಳು.